ಕ್ಯೂನಲ್ಲೇ ನಿಲ್ಲೋಣ ಅಂದೆ

ನಮ್ಮ ಭಾವ ಧಾರಾಳವಾಗಿ ಖರ್ಚು ಮಾಡಲು ಹೊರಟಾಗ ನಾನು ಅಡ್ಡ ನಿಂತದ್ದು ಒಂದೇ ಒಂದು ಸಲ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೇ ತಿಂಗಳು. ಮುಂಬಯಿಯ ಉತ್ತರದ ತುದಿಯಲ್ಲಿ, ಸಮುದ್ರದ ಖಾಡಿಯ ಆಚೆ, ಲಾಂಚಿನಲ್ಲಿ ದಾಟಿ ಹೋಗಬೇಕಾದ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿದ್ದೆವು. ರೋಲರ್ ಕೋಸ್ಟರಿನ ಮುಂದೆ ಕ್ಯೂ ಕಬ್ಬಿಣದ ಸರಳುಗಳ ನಡುವೆ ಐದಾರು ಸುತ್ತು ಸುತ್ತಿಕೊಂಡಿತ್ತು. ಎಷ್ಟು ಹೊತ್ತಾಗುತ್ತದೆ ಎಂದರೆ ವಾಚ್‌ಮನ್ "ದೇಢ್ ಘಂಟಾ" ಅಂದ, ಒಂದೂವರೆ ಗಂಟೆ. ಪಕ್ಕದ ಕಿಟಕಿಯಲ್ಲಿ ಸ್ಪೆಷಲ್ ಪಾಸು ಮಾರುತ್ತಿದ್ದರು. ಅದನ್ನು ಕೊಂಡವರಿಗೆ ಕ್ಯೂ ಇಲ್ಲ, ಬೇರೆ ಗೇಟಿನಿಂದ ನೇರವಾಗಿ ಒಳಗೆ. ಭಾವ ಆಗಲೇ ಪರ್ಸು ತೆಗೆದಿದ್ದರು.

"ಬೇಡ ಭಾವ, ಕ್ಯೂನಲ್ಲೇ ನಿಲ್ಲೋಣ" ಅಂದೆ.

ಅವರ ಪಕ್ಕದಲ್ಲಿ ನಿಂತಿದ್ದ ಎಂಟು ವರ್ಷದ ಹುಡುಗಿ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಅವಳು ನನ್ನನ್ನು ಚಿಕ್ಕಮ್ಮ ಅನ್ನುತ್ತಾಳೆ. ಅವಳನ್ನು ಹೆತ್ತವಳು ನಾನು.

ಇದನ್ನು ಮುಚ್ಚಿಟ್ಟುಕೊಂಡು ಕಥೆ ಹೇಳುವುದರಲ್ಲಿ ಅರ್ಥವಿಲ್ಲ. ನನ್ನ ಅಕ್ಕನಿಗೆ ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಲಿಲ್ಲ. ಭಾವನಿಗೆ ಮಸ್ಕತ್ತಿನಲ್ಲಿ ಒಳ್ಳೆಯ ಕೆಲಸ, ದೊಡ್ಡ ಮನೆ, ಮನೆಯ ತುಂಬ ಮೌನ. ನಮಗೆ ಚೆಂಬೂರಿನಲ್ಲಿ ಫ್ಯಾಕ್ಟರಿಯ ಕ್ವಾರ್ಟರ್ಸು, ಎರಡು ರೂಮು, ಮೂರು ವರ್ಷದ ಗಂಡುಮಗು. ಆಮೇಲೆ ಈ ಹುಡುಗಿ ಹುಟ್ಟಿದಳು. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಮ್ಮ ಒಂದು ಮಧ್ಯಾಹ್ನ, ನನ್ನ ತಲೆಗೆ ಎಣ್ಣೆ ಹಚ್ಚುತ್ತಾ, "ಅಕ್ಕಂಗೆ ಕೊಟ್ಬಿಡೇ. ಮನೆ ಮಗು ಮನೇಲೇ ಇರತ್ತೆ" ಅಂದಳು. ಯಾರೂ ಬಲವಂತ ಮಾಡಲಿಲ್ಲ. ಮಾಡಿದ್ದರೆ ಬಯ್ಯುವುದಕ್ಕಾದರೂ ಒಬ್ಬರು ಇರುತ್ತಿದ್ದರು. ಮಗುವಿಗೆ ಹನ್ನೊಂದು ತಿಂಗಳಾದಾಗ ಶಾಸ್ತ್ರಕ್ಕೆ ಒಂದು ಹೋಮ ಮಾಡಿಸಿ, ನಾನೇ ಎತ್ತಿ ಅಕ್ಕನ ಮಡಿಲಿಗೆ ಹಾಕಿದೆ. ಅಕ್ಕನ ಬಳೆ ನೋಡಿ ನಕ್ಕಿತು, ಹೋಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಮದುವೆಯಾಗಿ ಹೋದವರನ್ನು ಕುರಿತು ಹೇಳುತ್ತಾರೆ. ನನ್ನ ಮಗಳು ನಡೆಯಲು ಕಲಿಯುವ ಮೊದಲೇ ಹೊರಗಾದಳು.

ಎರಡು ವರ್ಷಕ್ಕೊಮ್ಮೆ ಅವರು ರಜಕ್ಕೆ ಬರುತ್ತಿದ್ದರು. ವಿಮಾನ ಇಳಿದು ಎರಡು ದಿನ ನಮ್ಮಲ್ಲಿದ್ದು, ಆಮೇಲೆ ಮೈಸೂರಿಗೆ. ಹುಡುಗಿಗೆ ಏನೂ ಹೇಳಬಾರದೆಂದು ಮಾತಾಗಿತ್ತು. ಆ ಎರಡು ದಿನವೂ ಅಕ್ಕ ನಮ್ಮಿಬ್ಬರ ನಡುವೆಯೇ ಇರುತ್ತಿದ್ದಳು. ಜಡೆ ಹಾಕುವುದು ಅಕ್ಕ, ತುತ್ತು ಕೊಡುವುದು ಅಕ್ಕ, ರಾತ್ರಿ ಹಾಸಿಗೆಯಲ್ಲಿ ಗೋಡೆಯ ಕಡೆ ಹುಡುಗಿ, ಮಧ್ಯದಲ್ಲಿ ಅಕ್ಕ, ಈಚೆ ನಾನು. ನಾನು ನೀರಿನ ಲೋಟ ಹಿಡಿದು ಹತ್ತಿರ ಹೋದರೂ ಅಕ್ಕನ ಕೈ ಮುಂದೆ ಬರುತ್ತಿತ್ತು. ಮನಸ್ಸಿನಲ್ಲಿ ಅವಳಿಗೆ ಕಾವಲುಗಾರ್ತಿ ಅಂತ ಹೆಸರಿಟ್ಟಿದ್ದೆ. ನನ್ನ ನಾಲಗೆ ಮೊದಲಿಂದಲೂ ಒಳ್ಳೆಯದಲ್ಲ, ಮನಸ್ಸು ಅದಕ್ಕಿಂತ ಕಡೆ.

ಆ ಸಲ ನನ್ನ ಗಂಡನಿಗೆ ಡ್ಯೂಟಿ ಇತ್ತು, ಮಗ ರಜಕ್ಕೆಂದು ಮುಂಚೆಯೇ ಮೈಸೂರಿಗೆ ಹೋಗಿದ್ದ. ಪಾರ್ಕಿಗೆ ಹೋದವರು ನಾವು ನಾಲ್ಕೇ ಜನ. ಅಕ್ಕನಿಗೆ ಉಯ್ಯಾಲೆ ನೋಡಿದರೂ ತಲೆ ಸುತ್ತುತ್ತದೆ, ಬಿಸಿಲಿನಲ್ಲಿ ನಿಲ್ಲುವುದಕ್ಕಂತೂ ಆಗುವುದಿಲ್ಲ. ಅವಳನ್ನು ಒಬ್ಬಳನ್ನೇ ನೆರಳಲ್ಲಿ ಕೂಡಿಸಿ ಬರುವುದು ಭಾವನಿಗೆ ಇಷ್ಟವಿಲ್ಲ. ಎಂದರೆ ಹುಡುಗಿಯ ಜೊತೆ ಕ್ಯೂನಲ್ಲಿ ನಿಲ್ಲಬೇಕಾದವಳು ನಾನು. ನಾನೊಬ್ಬಳೇ. ವಾಚ್‌ಮನ್ ಒಂದೂವರೆ ಗಂಟೆ ಅಂದಾಗ ನಾನು ಪಾಸು ಬೇಡ ಅಂದದ್ದು ಅದಕ್ಕೆ. ಕೊಟ್ಟ ದಿನದಿಂದ ಈಚೆಗೆ ಅವಳ ಜೊತೆ ನಾನೊಬ್ಬಳೇ ಒಂದು ನಿಮಿಷವೂ ಇದ್ದವಳಲ್ಲ.

ಕ್ಯೂ ಅಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಸೀಮೆಎಣ್ಣೆಯ ಕ್ಯೂನಲ್ಲಿ ನಿಂತೇ ನಾನು ಮರಾಠಿ ಕಲಿತದ್ದು. ಹಾಲಿನ ಬೂತಿನ ಕ್ಯೂನಲ್ಲೇ ಇಡೀ ಕಾಲನಿಯ ಸೊಸೆಯಂದಿರ ಕಷ್ಟ ಕೇಳಿದ್ದೇನೆ. ಮನೆಗೆ ಕರೆದು ಕಾಫಿ ಕೊಟ್ಟರೂ ಬಾಯಿ ಬಿಡದವರು ಕ್ಯೂನಲ್ಲಿ ಬಿಡುತ್ತಾರೆ. ಬೇರೆ ಕೆಲಸವಿಲ್ಲ, ಎದ್ದು ಹೋಗುವ ಹಾಗಿಲ್ಲ, ಮುಖ ನೋಡಬೇಕಾಗಿಯೂ ಇಲ್ಲ. ನನ್ನ ಮಗಳ ಒಂದೂವರೆ ಗಂಟೆ ನನಗೆ ಬೇಕಿತ್ತು, ಅದನ್ನು ಭಾವ ದುಡ್ಡು ಕೊಟ್ಟು ತಪ್ಪಿಸಲು ಹೊರಟಿದ್ದರು.

"ಹೋದ ವರ್ಷ ಫಾರಿನ್‌ನಲ್ಲಿ ಒಂದು ಪಾರ್ಕಿಗೆ ಹೋಗಿದ್ವಲ್ಲಮ್ಮ, ಅಲ್ಲೂ ಹಿಂಗೇ ಪಾಸ್ ತಗೊಂಡ್ವಿ. ಈ ಬಿಸಿಲಲ್ಲಿ ಮಗೂನ ಯಾಕೆ ಒಣಗಿಸ್ತೀಯ?" ಅಂದರು ಭಾವ.

"ನೋ ಲೈನ್, ಚಿಕ್ಕಮ್ಮ! ನಾನು ಫೈವ್ ಟೈಮ್ಸ್ ಹೋದೆ!" ಅಂತ ಹುಡುಗಿ.

"ನೀವು ಫಾರಿನ್ನಿನೋರು. ಬಾಂಬೇಲಿ ಕ್ಯೂ ಮುರಿಯೋರನ್ನ ಜನ ಕೊರಳಪಟ್ಟಿ ಹಿಡಿದು ಆಚೆ ಹಾಕ್ತಾರೆ" ಅಂದೆ. ಹೇಳಿದ್ದೆಲ್ಲ ಬರೀ ಬೊಗಳೆ. ಪಾಸಿದ್ದವರು ನಮ್ಮ ಕಣ್ಣೆದುರೇ ನಗುನಗುತ್ತಾ ಒಳಗೆ ಹೋಗುತ್ತಿದ್ದರು, ಯಾರೂ ಯಾರ ಕೊರಳಪಟ್ಟಿಯನ್ನೂ ಹಿಡಿಯುತ್ತಿರಲಿಲ್ಲ. ಮಕ್ಕಳಿಗೆ ಕಾಯುವುದು ಗೊತ್ತಿರಬೇಕು ಅಂದೆ. ಎಲ್ಲವನ್ನೂ ದುಡ್ಡಿನಲ್ಲೇ ಕೊಳ್ಳಬಾರದು ಅಂತಲೂ ಅಂದೆ. ಆ ಮಾತು ಸ್ವಲ್ಪ ಖಾರವಾಯಿತು. ಭಾವನ ಮುಖ ಕೆಂಪಾಯಿತು.

ಆಗ ಅಕ್ಕ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಸಿಕ್ಕಿಬಿದ್ದೆ ಅಂದುಕೊಂಡೆ. ಈಗ ಪಾಸು ಕೊಳ್ಳಿ ಅನ್ನುತ್ತಾಳೆ, ಇಲ್ಲವೇ ತಲೆ ಸುತ್ತಿದರೂ ಸರಿ ನಾನೇ ನಿಲ್ಲುತ್ತೇನೆ ಅನ್ನುತ್ತಾಳೆ ಅಂತ ಕಾದೆ.

"ಪಾಸ್ ಬೇಡಾರೀ. ಚಿಕ್ಕಮ್ಮನ ಜೊತೆ ನಿಲ್ಲಲಿ" ಅಂದಳು ಅಕ್ಕ. ಹುಡುಗಿಯ ಟೋಪಿ ಸರಿಮಾಡಿ, ಅವಳ ಕೈಯನ್ನು ತಂದು ನನ್ನ ಕೈಯಲ್ಲಿಟ್ಟಳು. ಆಮೇಲೆ ತಿರುಗಿ ನೋಡದೆ ಮರದ ಕಡೆಗೆ ನಡೆದಳು.

ಮೊದಲ ಹತ್ತು ನಿಮಿಷ ಹುಡುಗಿ ಮುಖ ಊದಿಸಿಕೊಂಡಿದ್ದಳು. ಕೈ ಬಿಡಿಸಿಕೊಂಡು, ಟೋಪಿ ತೆಗೆದು, ಸರಳು ಹಿಡಿದು ನಿಂತಳು. ನನಗೆ ಅಷ್ಟೇ ಸಾಕಾಗಿತ್ತು. ಅವಳ ಹಿಂದೆ ನಿಂತು ಕಣ್ತುಂಬ ನೋಡಿದೆ. ಬೈತಲೆಯ ಹತ್ತಿರ ಎರಡು ಸುಳಿ, ಅವಳಪ್ಪನಿಗಿರುವ ಹಾಗೇ, ನನ್ನ ಗಂಡನಿಗಿರುವ ಹಾಗೇ. ಚಪ್ಪಲಿಯಿಂದ ಈಚೆ ಕಾಣುತ್ತಿದ್ದ ಕಾಲಿನಲ್ಲಿ ಹೆಬ್ಬೆರಳಿಗಿಂತ ಉದ್ದದ ಎರಡನೇ ಬೆರಳು, ಅದು ನನ್ನದು. ನಮ್ಮ ಮುಂದಿದ್ದ ಗುಜರಾತಿ ಹೆಂಗಸು ಡಬ್ಬಿ ತೆಗೆದು ಅವಳಿಗೊಂದು ಥೇಪ್ಲಾ ರೊಟ್ಟಿ ಕೊಟ್ಟು, "ಆಪ್ ಕೀ ಬೇಟಿ?" ಅಂತ ನನ್ನನ್ನು ಕೇಳಿದಳು, ನಿಮ್ಮ ಮಗಳಾ ಎಂದು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ "ನಹೀ, ಮಾಸೀ ಹೈ" ಅಂದಳು. ಚಿಕ್ಕಮ್ಮ. ಸರಿಯಾಗಿಯೇ ಹೇಳಿದಳು.

ಥೇಪ್ಲಾ ತಿಂದ ಮೇಲೆ ಕೋಪ ಸ್ವಲ್ಪ ಇಳಿಯಿತು. ಸರಳಿಗೆ ಬೆನ್ನು ಕೊಟ್ಟು ನನ್ನ ಕಡೆ ತಿರುಗಿದಳು.

"ಚಿಕ್ಕಮ್ಮ, ನಿಮಗೆ ಲೈನ್ ಅಂದ್ರೆ ಇಷ್ಟಾನಾ?"

"ಹೂಂ ಪುಟ್ಟಿ."

"ನಂಗೆ ಬೋರ್." ಕೈಗಂಟಿದ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡಳು. ಆಮೇಲೆ, "ಪ್ಲೇನ್‌ನಲ್ಲಿ ಅಮ್ಮ ಒಂದು ವಿಷಯ ಹೇಳಿದ್ರು" ಅಂದಳು.

"ಏನು?"

"ನಾನು ನಿಮ್ಮ ಹೊಟ್ಟೇಲಿ ಇದ್ದೆ ಅಂತ. ಆಮೇಲೆ ನೀವು ಅಮ್ಮಂಗೆ ಕೊಟ್ರಿ ಅಂತ. ಅಮ್ಮ ಬೇಬಿ ಇಲ್ಲ ಅಂತ ತುಂಬಾ ಅಳ್ತಿದ್ರಂತೆ, ಸೋ ನೀವು ಕೊಟ್ರಂತೆ."

ಅಕ್ಕ ಹೇಳಿಬಿಟ್ಟಿದ್ದಳು. ನಾನು ಕಾವಲುಗಾರ್ತಿ ಅಂದುಕೊಂಡಿದ್ದವಳು ತಾನೇ ಹೇಳಿ, ಈಗ ತಾನೇ ಕೈ ಹಿಡಿಸಿ ಕಳಿಸಿದ್ದಳು.

"ಕೇಳೋದಿದ್ರೆ ಚಿಕ್ಕಮ್ಮನ್ನೇ ಕೇಳು ಅಂದ್ರು."

"ಕೇಳು" ಅಂದೆ.

"ಅಣ್ಣನ್ನ ಯಾಕೆ ಕೊಡ್ಲಿಲ್ಲ?"

ಸಿಟ್ಟಿನಿಂದ ಕೇಳಲಿಲ್ಲ, ಅಳುತ್ತಲೂ ಕೇಳಲಿಲ್ಲ. ಕ್ಯೂ ಯಾಕೆ ಮುಂದೆ ಹೋಗುತ್ತಿಲ್ಲ ಅಂತ ಕೇಳುವ ಹಾಗೆ ಕೇಳಿದಳು. ಕೊಟ್ಟ ಮೇಲಿನ ಏಳು ವರ್ಷದಲ್ಲಿ ನೂರು ಪ್ರಶ್ನೆಗೆ ನಾನು ಉತ್ತರ ಹೊಂದಿಸಿ ಇಟ್ಟುಕೊಂಡಿದ್ದೆ. ಯಾಕೆ ಕೊಟ್ಟಿರಿ ಎಂದರೆ ಹೇಳುವುದಕ್ಕಿತ್ತು. ನೆನಪಾಗುತ್ತಿತ್ತಾ ಎಂದರೆ ದಿನವೆಲ್ಲ ಹೇಳುವಷ್ಟಿತ್ತು. ಈ ಪ್ರಶ್ನೆ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಇರಲಿಲ್ಲ ಅನ್ನುವುದೇ ಉತ್ತರ. ಅಣ್ಣನಿಗೆ ಆಗ ಮೂರು ವರ್ಷ ದಾಟಿತ್ತು, ನನ್ನನ್ನು ಅಮ್ಮ ಅನ್ನುತ್ತಿದ್ದ, ಬೇರೆಯವರ ಹತ್ತಿರ ಇರುತ್ತಿರಲಿಲ್ಲ. ಇದು ಸುಳ್ಳಲ್ಲ. ಆದರೆ ಮೊದಲು ಹುಟ್ಟಿದ್ದು ಹುಡುಗಿಯಾಗಿ, ಹನ್ನೊಂದು ತಿಂಗಳ ಕೂಸು ಗಂಡಾಗಿದ್ದಿದ್ದರೆ? ಅಮ್ಮ ಎಣ್ಣೆ ಹಚ್ಚುತ್ತಾ ಆ ಮಾತು ಎತ್ತುತ್ತಿದ್ದಳೇ? ನಾನು ಹೂಂ ಅನ್ನುತ್ತಿದ್ದೆನೇ? ನನಗೆ ಗೊತ್ತು. ಗೊತ್ತಿದ್ದದ್ದನ್ನು ಆ ಮುಖ ನೋಡಿಕೊಂಡು ಹೇಳಬೇಕಿತ್ತು. ಇಲ್ಲವೇ ಸುಳ್ಳು ಹೇಳಬೇಕಿತ್ತು. ಎರಡಕ್ಕೂ ಇನ್ನೂ ಒಂದು ಗಂಟೆ ಹೊತ್ತು ಬಾಕಿ ಇತ್ತು, ಮುಂದೆ ಗುಜರಾತಿ ಹೆಂಗಸು, ಹಿಂದೆ ಮಲಾಡಿನ ಕಾಲೇಜು ಹುಡುಗರು, ನಡುವೆ ನಾವಿಬ್ಬರು.

"ಬಿಸಿಲು ಜಾಸ್ತಿ ಅಲ್ವಾ ಪುಟ್ಟಿ? ಬಾ, ಪಾಸ್ ತಗೊಳ್ಳೋಣ" ಅಂದೆ.

"ಸಚ್ಚೀ?" ಅಂದಳು. ನಿಜವಾಗಲೂ? ಪ್ರಶ್ನೆ ಎಲ್ಲಿ ಹೋಯಿತೋ. ನನ್ನ ಕೈಯನ್ನು ತಾನೇ ಗಟ್ಟಿಯಾಗಿ ಹಿಡಿದು ಎಳೆದಳು. ಎರಡು ದಿನದಲ್ಲಿ ಅವಳಾಗಿಯೇ ನನ್ನನ್ನು ಮುಟ್ಟಿದ್ದು ಅದೊಂದೇ ಸಲ. ಗುಜರಾತಿ ಹೆಂಗಸು ಪಾಪ, ನೀರಿಗೋ ಏನಕ್ಕೋ ಹೋಗುತ್ತಿದ್ದೇವೆ ಅಂದುಕೊಂಡು, "ಆಪ್ ಕಾ ನಂಬರ್ ರಖೂಂ?" ಅಂತ ಕೇಳಿದಳು. ಜಾಗ ಹಿಡಿದಿರಲಾ ಎಂದು. ಬೇಡ ಅಂದೆ.

ಭಾವ ಮರದ ಕೆಳಗಿಂದಲೇ ನಕ್ಕರು. "ಏನಮ್ಮ, ಬಾಂಬೆಯವರ ಕ್ಯೂ ಅರ್ಧ ಗಂಟೆಗೇ ಮುಗೀತಾ?" ಮೂರು ಪಾಸು ಅಂದರು, ಎರಡು ಸಾಕು ಅಂದೆ, ನನಗೂ ತಲೆ ತಿರುಗುತ್ತಿದೆ ಅಂದೆ. ಅಪ್ಪನೂ ಮಗಳೂ ಬೇರೆ ಗೇಟಿನಿಂದ ಓಡಿಕೊಂಡು ಒಳಗೆ ಹೋದರು.

ನಾನು ಅಕ್ಕನ ಪಕ್ಕದಲ್ಲಿ ಕೂತೆ. ಅವಳ ಕಣ್ಣು ಕೆಂಪಾಗಿತ್ತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಮುದ್ದೆ ಮಾಡಿಟ್ಟಿದ್ದಳು.

"ಕೇಳಿದ್ಲಾ?"

"ಏನ್ನ ಅಕ್ಕ?"

ಅಕ್ಕ ನನ್ನ ಮುಖವನ್ನೇ ನೋಡಿದಳು. "ಒಂದೂವರೆ ಗಂಟೆ ಅಲ್ಲಾಡದೆ ಇಲ್ಲೇ ಕೂತಿರ್ಬೇಕು ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಕೂತಿದ್ದೆ ಕಣೇ. ಅವಳು ವಾಪಸ್ ಬರ್ತಾಳೋ ಇಲ್ವೋ ಅಂತ ಹೆದರ್ಕೊಂಡೇ ಕೂತಿದ್ದೆ" ಅಂದಳು.

"ಬಿಸಿಲು ಜಾಸ್ತಿ ಇತ್ತು" ಅಂದೆ.

ಅಕ್ಕ ಸೆರಗಿನ ಮುದ್ದೆ ಬಿಡಿಸಿ, ತೊಡೆಯ ಮೇಲಿಟ್ಟು ನೀವಿದಳು. ಮಾರನೇ ದಿನ ಅವರು ಮೈಸೂರಿನ ರೈಲು ಹತ್ತಿದರು. ಹುಡುಗಿ ಆಮೇಲೆಯೂ ಬಂದಳು, ದೊಡ್ಡವಳಾದಳು, ನನ್ನ ಜೊತೆ ನಗುನಗುತ್ತಲೇ ಇರುತ್ತಾಳೆ. ಆ ಪ್ರಶ್ನೆಯನ್ನು ಮಾತ್ರ ಇನ್ನೊಂದು ಸಲ ಕೇಳಲಿಲ್ಲ. ಮರೆತಳೋ, ಉತ್ತರ ಸಿಕ್ಕಿತು ಅಂದುಕೊಂಡಳೋ, ನಾನು ಕೇಳಿಲ್ಲ. ಮೊದಲ ಸಲ ಅವಳನ್ನು ಅಕ್ಕನಿಗೆ ಕೊಟ್ಟಾಗ ಅಮ್ಮ ಹೇಳಿದ್ದಳು ಅನ್ನಬಹುದು, ಅಕ್ಕ ಅಳುತ್ತಿದ್ದಳು ಅನ್ನಬಹುದು. ಆ ದಿನ ಕ್ಯೂನಿಂದ ಅವಳನ್ನು ಕರೆದುಕೊಂಡು ಬಂದು ಒಪ್ಪಿಸು ಅಂತ ಯಾರೂ ನನಗೆ ಹೇಳಿರಲಿಲ್ಲ.