ಗರಸಿನಿಂದ ಮೇಲಕ್ಕೆ ಒಂದು ಕಂಬ

ಇಂಡಿ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರಾಜಶ್ರೀ ಬಾಡಿಗೆಗೆ ಹಿಡಿದಿರುವ ಕೋಣೆಯ ಗೋಡೆಯಲ್ಲಿ ಒಂದು ಬಿರುಕಿದೆ. ಬೇಸಿಗೆಯಲ್ಲಿ ಅದರೊಳಗೆ ಬೆಂಕಿಪೆಟ್ಟಿಗೆ ಹಿಡಿಸುತ್ತದೆ. ಮಳೆ ಬಿದ್ದು ತಳದ ಎರೆಮಣ್ಣು ನೀರು ಕುಡಿದು ಉಬ್ಬಿದರೆ ಒಂದು ಹಾಳೆಯೂ ನುಸುಳದು. ಬಿಳಿಜೋಳಕ್ಕೆ ಹೆತ್ತ ತಾಯಿಯಾದ ಆ ಮಣ್ಣು ಗೋಡೆಗಳಿಗೆ ಮಾತ್ರ ಮಲತಾಯಿ. ಅದನ್ನು ಅಗೆದು, ಅದರಡಿಯ ಗಟ್ಟಿ ಜಲ್ಲಿನೆಲವಾದ ಗರಸನ್ನು ಮುಟ್ಟಿ, ಅಲ್ಲಿಂದ ಪಾಯ ಎಬ್ಬಿಸಿದರಷ್ಟೇ ಈ ಸೀಮೆಯಲ್ಲಿ ಕಟ್ಟಿದ್ದು ನಿಲ್ಲುತ್ತದೆ.

ರಾಜಶ್ರೀಯ ಕಾಯಕ ಅಂದಾಜುಪಟ್ಟಿ ಬರೆಯುವುದು. ಕಟ್ಟಡ ಏಳುವ ಮೊದಲೇ ಅದನ್ನು ಕಾಗದದ ಮೇಲೆ ಅಳೆದು, ಅಗೆತ ಎಷ್ಟು, ಕಲ್ಲು ಎಷ್ಟು, ಉಕ್ಕು ಎಷ್ಟು, ಕೂಲಿ ಎಷ್ಟು ಎಂದು ಬಿಡಿಸಿ ಹೇಳುವ ಕೆಲಸ. ಸಾಲೋಟಗಿಯಲ್ಲಿ ಹುಟ್ಟಿ, ವಿಜಯಪುರದಲ್ಲಿ ಡಿಪ್ಲೊಮಾ ಓದಿ, ಸಿಂದಗಿಯ ಗುತ್ತಿಗೆದಾರರೊಬ್ಬರ ಬಳಿ ವರ್ಷಗಟ್ಟಲೆ ಟೇಪು ಹಿಡಿದು ಬಿಸಿಲು ಕುಡಿದವಳು. ಈಗ ಆ ಬಿರುಕಿನ ಕೋಣೆಯೇ ಅವಳ ಸ್ವಂತ ಕಚೇರಿ. ಪೂಜೆ ಮುಗಿಸದೆ ಅವಳು ಲೆಕ್ಕಕ್ಕೆ ಕೂಡುವುದಿಲ್ಲ. ಆದರೆ ಬಂದವರು ಕುರ್ಚಿಯಲ್ಲಿ ಕೂಡುವ ಮೊದಲೇ ಕೇಳುವ ಪ್ರಶ್ನೆ ಅವಳ ಪೂಜೆಯ ಶಾಂತಿಯನ್ನೆಲ್ಲ ಕದಡಿಬಿಡುತ್ತದೆ: “ಫೂಟಿಗೆ ಎಷ್ಟಾಗತೈತಿ, ಬಾಯಿಲೆ ಹೇಳಿಬಿಡ್ರಿ.” ಜಾಗ ನೋಡಿಲ್ಲ, ಮಣ್ಣು ಮುಟ್ಟಿಲ್ಲ, ಬಾಯಿಂದ ಹೇಳಬೇಕಂತೆ! ವೈದ್ಯನ ಮುಂದೆ ನಾಡಿ ಹಿಡಿಯಲು ಕೈ ಕೊಡದೆ ಔಷಧ ಕೇಳುವವರುಂಟೇ?

ಇಂಥವಳ ಬಳಿ ಹೋದ ವರ್ಷ ತಾಂಬಾದ ಸಿದ್ದರಾಯ ಬಂದರು. ನಿಂಬೆಹಣ್ಣಿನ ವ್ಯಾಪಾರಿ, ದೈವಭೀರು, ಗಟ್ಟಿ ದನಿಯ ಮನುಷ್ಯ. ಊರ ಹೊರಗಿನ ಸಣ್ಣ ಮಠಕ್ಕೆ ಪ್ರಸಾದ ನಿಲಯ ಕಟ್ಟಲು ಕಮಿಟಿಯಾಗಿತ್ತು. ಅದಕ್ಕೆ ಅವರೇ ಅಧ್ಯಕ್ಷರು. ಹನ್ನೆರಡು ಕಂಬಗಳ ಉದ್ದನೆಯ ಪಡಸಾಲೆ, ಬಂದ ಭಕ್ತರೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು ಎಂಬುದು ಅವರ ಹಂಬಲ. ಹಂಬಲ ಪವಿತ್ರವಾದದ್ದು. ರಾಜಶ್ರೀ ಮೇಸ್ತ್ರಿ ಕಾಸಿಂಸಾಬನಿಂದ ಆ ಜಾಗದಲ್ಲಿ ಪರೀಕ್ಷೆಯ ಕುಣಿ ತೋಡಿಸಿದಳು. ಗರಸು ಸಿಕ್ಕಿದ್ದು ಎಂಟಡಿ ಕೆಳಗೆ. ಹಾಗೆಯೇ ಪಟ್ಟಿ ಬರೆದಳು.

ಆ ಪಟ್ಟಿಗೆ ಮಠದ ಕಟ್ಟೆಯ ಮೇಲೆ ಒದಗಿದ ಗತಿಯನ್ನು ಏನೆಂದು ಹೇಳುವುದು! ದೇವರ ಮೊದಲ ಆರತಿ ಯಾರದು, ಮೊದಲ ಕಾಯಿ ಯಾರದು ಎಂದು ಹರಾಜಿನಂತೆ ಸವಾಲು ಕೂಗಿ ತೀರ್ಮಾನಿಸುವ ಊರು ಅದು. ಸಿದ್ದರಾಯರು ಅಂದಾಜುಪಟ್ಟಿಯನ್ನೂ ಹಾಗೆಯೇ ಸಾಲುಸಾಲಾಗಿ ಓದಿ ಸವಾಲಿಗೆ ಇಟ್ಟರು. ಯಾರು ಯಾವ ಸಾಲಿನ ಖರ್ಚು ಹಿಡಿಯುತ್ತಾರೋ ಅವರ ಹೆಸರು ಕಲ್ಲಿನಲ್ಲಿ.

“ಕಂಬ!” ಎಂದರು. ಹನ್ನೆರಡು ಕಂಬಗಳೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋದವು. ಒಂದನ್ನು ಸಿದ್ದರಾಯರೇ ತಮ್ಮ ತಂದೆಯ ಹೆಸರಿನಲ್ಲಿ ಕೂಗಿದರು. “ನೆಲದ ಫರ್ಸಿ!” ಹೋಯಿತು. “ಫ್ಯಾನು!” ಇಬ್ಬರು ಅಣ್ಣತಮ್ಮಂದಿರು ಜಗಳಕ್ಕೇ ಬಿದ್ದರು.

“ಅಗೆತ ಮತ್ತು ಪಾಯ!”

ಯಾರೋ ಕೆಮ್ಮಿದರು.

“ಅಗೆತ ಮತ್ತು ಪಾಯ, ಎಂಟ ಅಡಿ! ಯಾರ ಹಿಡಿತೀರಿ?”

“ಮುಂದಿಂದ ಓದ್ರಿ ಅಧ್ಯಕ್ಷರ,” ಎಂದ ಒಂದು ಕಂಬ ಹಿಡಿದಿದ್ದ ಹಿಂದಿನ ಸಾಲಿನ ಮಲ್ಲಣ್ಣ. “ಪಾಯಾಕ ಹೆಸರ ಬರದ್ರ ಓದಾವ್ರು ಯಾರು? ಎರಿಹುಳ ಓದತಾವೇನು?” ಕಟ್ಟೆಗೆ ಕಟ್ಟೆಯೇ ನಕ್ಕಿತು.

ನಗಬಹುದು. ಆದರೆ ಕಣ್ಣಿಗೆ ಕಾಣುವ ಕಡೆಗೆ ಓಡುವ ಭಕ್ತಿ ಕತ್ತಲಿಗೆ ಇಳಿಯಲು ಅಂಜುತ್ತದೆ ಎಂಬುದು ನಗುವ ಮಾತಲ್ಲ. ಮರುದಿನ ಸಿದ್ದರಾಯರು ಬಿರುಕುಗೋಡೆಯ ಕೋಣೆಗೆ ಬಂದು ಪಟ್ಟಿಯನ್ನು ಮೇಜಿನ ಮೇಲೆ ಇಟ್ಟರು.

“ಅಕ್ಕಾರ, ಎಲ್ಲಾದಕ್ಕೂ ದಾನಿ ಸಿಕ್ರು. ಪಾಯಾಕ ಒಬ್ಬಾವನೂ ಬರವಲ್ಲ. ಎಂಟ ತಗದ ನಾಕ ಅಡಿ ಬರೀರಿ.”

“ನಾಕ ಅಡಿ ಒಳಗ ಬರೇ ಎರಿ ಐತ್ರಿ. ಎರಡ ಮಳಿಗಾಲಕ್ಕ ಕಂಬ ಒಂದೊಂದ ದಿಕ್ಕಿಗೆ ಮಾರಿ ಮಾಡತಾವು.”

“ದೇವರ ಕೆಲಸ ಐತಿ, ಅಂವಾ ಹಿಡದ ನಿಂದ್ರಸ್ತಾನ ಬಿಡ್ರಿ.”

“ಕೆಳಗ ಮಂದಿ ಉಣ್ಣಾಕ ಕುಂತಿರತಾರ್ರಿ! ದೇವರ ಗರಸು ಕೊಟ್ಟಾನ. ಅದರ ಮ್ಯಾಲ ಕೂಡಸೂದು ನಮ್ಮ ಕೆಲಸ. ನಮ್ಮ ಕೆಲಸಾನೂ ಅವಗ ಹಚ್ಚತೀರೇನು?”

ಸಿದ್ದರಾಯರ ಮುಖ ಬಿಗಿಯಿತು. “ಭಾಳ ಶಾಣ್ಯಾ ಆಗಬ್ಯಾಡ್ರಿ. ನೆಲದಾಗ ಏನ ಬಂಗಾರ ಹುಗಿತೀರಿ? ನೀವು ಬರೀಲಿಲ್ಲಂದ್ರ ಸಿಂದಗಿಯೊಳಗ ಬರಿಯಾವ್ರ ಅದಾರ.”

ಅವರು ಹೋದ ಮೇಲೆ ಅವಳು ಕಾಸಿಂಸಾಬನಿಗೆ ಫೋನು ಮಾಡಿದಳು. ಗರಸನ್ನು ಕಣ್ಣಾರೆ ಕಂಡವನಾದರೂ ತನ್ನ ಪರ ನಿಂತಾನು ಎಂಬ ಆಸೆ.

“ಸಾಹುಕಾರ ನಾಕ ಫೂಟ ಅಂದ್ರ ನಾಕ ಫೂಟ ಅಗಿತೇನಿ, ಅಕ್ಕಾ,” ಎಂದ ಆತ. “ಜಗಳಾ ಮಾಡಿದ್ರ ನಾಳಿ ಮತ್ತೊಬ್ಬ ಮೇಸ್ತ್ರಿ ಬರತಾನ. ನನಗೂ ಮನಿ ಐತಿ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಹೆಚ್ಚು ಉರಿಸಿತು. ಸಿಂದಗಿಯ ಬೇರಾರೋ ನಾಲ್ಕಡಿ ಬರೆದೇ ಬರೆಯುತ್ತಾರೆ. ತಾನು ಕೈ ತೊಳೆದುಕೊಂಡರೆ ತನ್ನ ಸಹಿ ಶುದ್ಧವಾಗಿ ಉಳಿದೀತು. ಆ ಸೂರಿನ ಕೆಳಗೆ ಎಲೆ ಹಾಕಿಕೊಂಡು ಕೂಡುವ ಮುದುಕಿಯರು, ಕೂಸುಗಳು ಉಳಿದಾರೇ? ಪ್ರಾಮಾಣಿಕಳಾಗಿದ್ದು ದೂರ ನಿಲ್ಲುವುದು ಸುಲಭ. ಪ್ರಾಮಾಣಿಕಳಾಗಿದ್ದು ಕೆಲಸ ಮಾಡಿಸುವುದೇ ಕಡುಕಷ್ಟ. ಅವಳು ಬಿರುಕನ್ನು ದಿಟ್ಟಿಸುತ್ತ ಕೂತಳು. ಶಿವನನ್ನೂ ಒಂದಿಷ್ಟು ಬೈದಳೆಂದೇ ಹೇಳಬೇಕು.

ಆಗ ಹೊಳೆಯಿತು, ತಪ್ಪು ಪಟ್ಟಿಯ ಜೋಡಣೆಯಲ್ಲಿಯೂ ಇದೆ ಎಂದು. ನೆಲದ ಕೆಳಗಿನದು ಒಂದು ಭಾಗ, ಮೇಲಿನದು ಇನ್ನೊಂದು ಭಾಗ ಎಂದು ಬರೆಯುವುದು ಅವಳ ವೃತ್ತಿಯ ರೂಢಿ. ಕಾಗದದ ಮೇಲೆ ಆ ಎರಡನ್ನು ಕತ್ತರಿಸಿದವಳು ತಾನೇ. ಇದ್ದ ಕಂಬವನ್ನು ನೆಲಮಟ್ಟಕ್ಕೆ ತುಂಡರಿಸಿ ಕೊಟ್ಟರೆ ಜನ ಮೇಲಿನ ತುಂಡನ್ನು ಆರಿಸದೆ ಇನ್ನೇನು ಮಾಡಿಯಾರು?

ಅವಳು ಪಟ್ಟಿಯನ್ನು ಮೊದಲಿನಿಂದ ಬರೆದಳು. ಅಗೆತ, ತಳದ ಕಾಂಕ್ರೀಟು, ಎರೆಮಣ್ಣಿನೊಳಗೆ ಏರಿ ಬರುವ ಭಾಗ ಎಲ್ಲವೂ ಆಯಾ ಕಂಬದ ಸಾಲಿನೊಳಗೇ. ಮರುವಾರ ಕಮಿಟಿ ಮತ್ತೆ ಸೇರಿದಾಗ ಕರೆಯದೆಯೇ ಹೋಗಿ, ತಾಂಬಾದ ಕಟ್ಟೆಯ ಮೇಲೆ ತಾನೇ ನಿಂತು ಓದಿದಳು.

“ಇದೇನಿದು, ಕಂಬದ ರೊಕ್ಕ ಇಮ್ಮಡಿ ಆತು!” ಮಲ್ಲಣ್ಣ ಎದ್ದು ನಿಂತ. “ನಮ್ಮ ಕಂಬ ಎಲ್ಲಿಂದ ಸುರು ಆಗತೈತಿ?”

“ಗರಸಿನ ಮ್ಯಾಲಿಂದ್ರಿ, ಅಣ್ಣಾರ.”

“ನಾ ಕೂಗಿದ್ದು ಕಾಣೂ ಕಂಬ!”

“ಕಾಣೂದಷ್ಟ ಬೇಕಂದ್ರ ಅದನ್ನ ಎಲ್ಲಿ ನಿಂದ್ರಸೂದು, ನೀವ ಹೇಳ್ರಿ. ನಿಮ್ಮ ಹೆಗಲ ಮ್ಯಾಲ ಇಡಲೇನು?”

ಈ ಸಲ ನಕ್ಕವರು ಕಡಿಮೆ. ಗದ್ದಲವಾಯಿತು. “ಹೆಣ್ಮಗಳು ನಮಗ ಸವಾಲ ಕಲಿಸಾಕ ಬಂದಾಳ,” ಎಂದರು. ಮಲ್ಲಣ್ಣ ಮೊದಲುಗೊಂಡು ನಾಲ್ವರು ತಮ್ಮ ಕಂಬ ಬಿಟ್ಟೆವೆಂದು ಎದ್ದು ಹೋದರು. ಉಳಿದವರು ಸಿದ್ದರಾಯರ ಮುಖ ನೋಡಿದರು. ಅವರದು ದೇವರ ಮುಂದೆ ಕೂಗಿದ ಸವಾಲು, ಅದೂ ತಂದೆಯ ಹೆಸರಿನಲ್ಲಿ.

“ಕೂಗಿದ ಬಾಯಿ ಹಿಂದ ತಗಿಯಾಂಗಿಲ್ಲ,” ಎಂದರು, ಅವಳ ಕಡೆ ತಿರುಗದೆ. “ನಮ್ಮಪ್ಪನ ಕಂಬ ಎಲ್ಲಿಂದ ಏಳಬೇಕೋ ಅಲ್ಲಿಂದ ಏಳಲಿ.” ಏಳು ಮಂದಿ ಅವರ ಹಿಂದೆ ತಲೆಯಾಡಿಸಿದರು.

ಎಂಟು ಕಂಬಗಳಿಗೆ ಎಷ್ಟು ಪಡಸಾಲೆಯೋ ಅಷ್ಟೇ ಕಟ್ಟಲಾಯಿತು. ಆರಾರರ ಎರಡು ಸಾಲು ನಾಲ್ಕು ನಾಲ್ಕಕ್ಕೆ ಇಳಿಯಿತು. ಕಾಸಿಂಸಾಬ ಎಂಟಡಿ ಅಗೆದ. ರಾಜಶ್ರೀ ಪ್ರತಿ ಕುಣಿಗೂ ಇಳಿದು ಗರಸನ್ನು ಹಾರೆಯಿಂದ ಕುಟ್ಟಿ ನೋಡಿದ ಮೇಲೆಯೇ ಕಾಂಕ್ರೀಟು ಬಿದ್ದಿತು.

ಒಂದು ಮಳೆಗಾಲ ಕಳೆಯಿತು. ಎರೆ ಉಬ್ಬಿತು, ಇಳಿಯಿತು. ಪ್ರಸಾದ ನಿಲಯದ ಗೋಡೆಯಲ್ಲಿ ಕೂದಲೆಳೆಯಷ್ಟೂ ಗೀರು ಮೂಡಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಆಗದೆ ಹೋದ ಕೇಡನ್ನು ಯಾರು ತಾನೇ ನೋಡಿಯಾರು? ಗಮನಿಸಿದ್ದು ಜಾಗ ಸಾಲದ್ದನ್ನು. ಮೊದಲ ದಾಸೋಹದ ದಿನ ಅರ್ಧ ಮಂದಿ ಒಳಗೆ, ಅರ್ಧ ಮಂದಿ ಬಿಸಿಲಿನಲ್ಲಿ.

“ಒಂದ ಪಂಕ್ತಿ ಆಗೂದು ಎರಡಾತು. ಆಕಿ ದೆಸಿಂದ,” ಎಂದ ಮಲ್ಲಣ್ಣ, ಅವಳಿಗೆ ಕೇಳಿಸುವಂತೆ. ಕಂಬ ಬಿಟ್ಟವನಿಗೆ ಮೊದಲ ಪಂಕ್ತಿಯಲ್ಲೇ ಎಲೆ ಸಿಕ್ಕಿತ್ತು.

ರಾಜಶ್ರೀ ತಲೆಯ ಮೇಲೆ ಸೆರಗು ಎಳೆದುಕೊಂಡು ಎರಡನೆಯ ಪಂಕ್ತಿಗೆ ಕಾದಳು. ಹಸಿವು, ಬಿಸಿಲು, ಕೋಪ. ಸರದಿ ಬಂದು ಹುಗ್ಗಿಗೆ ಕೈ ಹಾಕುವಷ್ಟರಲ್ಲಿ ಸಿದ್ದರಾಯರು ಎದುರಿಗೆ ಕುಕ್ಕರಿಸಿದರು. ವರ್ಷದಲ್ಲಿ ಮೊದಲ ಬಾರಿಗೆ ಅವರ ದನಿ ಮೆತ್ತಗಿತ್ತು.

“ಅಕ್ಕಾರ, ಹಿಂದ ಒಂದ ಅಡಗಿ ಖೋಲಿ ಕಟ್ಟೂಣು ಅಂತ. ಸಣ್ಣದು. ಅದಕ್ಕ ಪಾಯ ಬ್ಯಾಡ ಬಿಡ್ರಿ. ಪಾಯ ಬಿಟ್ಟ ಎಷ್ಟಾಗತೈತಿ, ಬಾಯಿಲೆ ಹೇಳಿಬಿಡ್ರಿ.”

ಅವರ ಬೆನ್ನ ಹಿಂದೆ ಅವರ ತಂದೆಯ ಹೆಸರು ಕೆತ್ತಿದ ಕಂಬ ನೆಟ್ಟಗೆ ನಿಂತಿತ್ತು. ಅವಳು ಅದನ್ನೊಮ್ಮೆ, ಅವರನ್ನೊಮ್ಮೆ ನೋಡಿ, ತುತ್ತು ನುಂಗಿ, ಬಾಗಿಲ ಬಳಿ ಕೂತಿದ್ದ ಮೇಸ್ತ್ರಿಯನ್ನು ಕೂಗಿದಳು:

“ಕಾಸಿಂಸಾಬ, ಉಂಡ ಮ್ಯಾಲ ಹಾರಿ ತಗೊಂಡ ಹಿಂದ ಬರ್ರಿ. ಮೊದಲ ಕುಣಿ ತೋಡೂಣು.”