ಭಾವನ ಹಲ್ಲು ಮತ್ತು ‘ನಾಟ್ ಟೂ ಬ್ಯಾಡ್’

ಎರಡು ವರ್ಷದ ಹಿಂದಿನ ಈಸ್ಟರ್ ರಜೆ. ಇಂಗ್ಲೆಂಡಿನಿಂದ ನನ್ನ ಅಕ್ಕನ ಗಂಡ ರಮಾನಂದ ಭಾವ ಜರ್ಮನಿಯ ಎರ್ಲಾಂಗೆನ್ನಿನ ನಮ್ಮ ಮನೆಗೆ ಬಂದಿದ್ದರು. ಅಕ್ಕನಿಗೆ ರಜೆ ಸಿಗದೆ ಒಬ್ಬರೇ ಬಂದಿದ್ದರು. ಉಡುಪಿ ಬಿಟ್ಟು ಇಪ್ಪತ್ತು ವರ್ಷದಿಂದ ಅಲ್ಲಿ ನೆಲೆಸಿರುವ ಭಾವನಿಗೆ ಅಲ್ಲಿಯ ಸರಕಾರವನ್ನು ಬೈಯುವುದೆಂದರೆ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಅದಿಲ್ಲದೆ ತುತ್ತು ಇಳಿಯುವುದಿಲ್ಲ.

ಬಂದ ದಿನವೇ ಶುರುವಾಯಿತು. “ನಮ್ಮ ರಸ್ತೆಯ ಹೊಂಡಕ್ಕೆ ಜನ ಕೇಕ್ ಕಟ್ ಮಾಡಿ ಹುಟ್ಟುಹಬ್ಬ ಮಾಡಿದ್ರು ಮಾರಾಯ್ತಿ” ಎಂದರು. ಆಮೇಲೆ ಅರ್ಧಕ್ಕೇ ನಿಂತ ಅತಿವೇಗದ ರೈಲು ಮಾರ್ಗ, ನದಿಗೆ ಬಿಡುವ ಚರಂಡಿ ನೀರು, ಬಾಗಿಲು ಹಾಕಿದ ಲೈಬ್ರರಿ. ಕೊನೆಗೆ ಪ್ರಧಾನಿಗಳು. “ಒಬ್ರ ಹೆಸರು ಬಾಯಿಪಾಠ ಆಗುವಷ್ಟರಲ್ಲಿ ಇನ್ನೊಬ್ರು. ಒಬ್ರಂತೂ ನಾನು ಉಡುಪಿಗೆ ಹೋಗಿ ಬರುದ್ರೊಳಗೆ ಬಂದೂ ಆಯ್ತು, ಹೋದದ್ದೂ ಆಯ್ತು.”

ನನ್ನ ಗಂಡ ಸುಧೀರ ಸುಮ್ಮನೆ ಕೇಳಿಸಿಕೊಳ್ಳುವವನಲ್ಲ. “ಇಲ್ಲಿಯೂ ರೈಲು ಟೈಮಿಗೆ ಬರುದಿಲ್ಲ ಭಾವ” ಎಂದ. ಭಾವನಿಗೆ ಸಿಟ್ಟೇ ಬಂತು. “ನಿಮ್ಮದು ತಡ ಆಗಿಯಾದ್ರೂ ಬರ್ತದೆ. ನಮ್ಮದು ಬರುದೇ ಇಲ್ಲ!” ತಮ್ಮ ದೇಶ ಮುಂದೆ ಹೋಗಿದೆ ಎಂದು ಬಡಾಯಿ ಕೊಚ್ಚುವವರನ್ನು ಬೇಕಾದಷ್ಟು ನೋಡಿದ್ದೇನೆ. ತಮ್ಮದೇ ಹೆಚ್ಚು ಹಾಳಾಗಿದೆ ಎಂದು ಬಡಾಯಿ ಕೊಚ್ಚುವವರನ್ನು ನೋಡಿದ್ದು ಅಂದೇ.

ಆದರೆ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಭಾವ ಒಂದೇ ಕಡೆಯಿಂದ ಅಗಿಯುತ್ತಿದ್ದರು. ಅವರಿಗೆಂದೇ ಮಾಡಿದ್ದ ಚಕ್ಕುಲಿಯನ್ನು ಚಹಾದಲ್ಲಿ ನೆನೆಸಿ ಹೀರುತ್ತಿದ್ದರು. ಬುಧವಾರ ಬೆಳಿಗ್ಗೆ ಸೈಕಲ್ ತರಲು ನೆಲಮಾಳಿಗೆಗೆ ಇಳಿದರೆ, ಭಾವ ಸುಧೀರನ ಸಾಮಾನಿನ ಪೆಟ್ಟಿಗೆಯ ಮುಂದೆ ನಿಂತು ಒಂದು ಇಕ್ಕಳವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ.

“ಎಂತ ಭಾವ, ಇಲ್ಲಿ?”

“ಏನಿಲ್ಲ, ಸುಮ್ಮನೆ. ಒಳ್ಳೆ ಇಕ್ಕಳ.”

ನನಗೆ ಯಾಕೋ ಸರಿ ಕಾಣಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

“ನಿಂಗೂ ಹೇಳ್ಲಿಲ್ವಾ? ದವಡೆ ಹಲ್ಲು ಮಾರಾಯ್ತಿ” ಎಂದಳು ಅಕ್ಕ. “ತಿಂಗಳುಗಟ್ಟಲೆ ಆಯ್ತು. ಸರಕಾರದ ಲೆಕ್ಕದಲ್ಲಿ ನೋಡುವ ಡೆಂಟಿಸ್ಟ್ ಯಾರೂ ಇಲ್ಲಿ ಹೊಸಬರನ್ನು ತಗೊಳ್ಳುದಿಲ್ಲ. ಖಾಸಗಿಯವರ ರೇಟು ಕೇಳಿದ್ರೆ ಇದ್ದ ಹಲ್ಲೂ ಉದುರ್ತದೆ. ಪಕ್ಕದ ಮನೆಯ ಅಜ್ಜ ತಾನೇ ಇಕ್ಕಳ ಹಾಕಿ ಕಿತ್ಕೊಂಡ್ರು. ಅದನ್ನು ನೋಡಿ ಇವರಿಗೂ ಧೈರ್ಯ ಬಂದಿದೆ. ದಮ್ಮಯ್ಯ, ಅಲ್ಲೇ ಎಲ್ಲಿಯಾದ್ರೂ ತೋರಿಸು.”

ಸಂಜೆಯ ಹೊತ್ತಿಗೆ ಭಾವನ ಕೆನ್ನೆ ಎಣ್ಣೆಯಲ್ಲಿ ಬಿಟ್ಟ ಬನ್ಸಿನ ಹಾಗೆ ಉಬ್ಬಿತ್ತು. ಮರುದಿನ ಗುರುವಾರ. ಅದು ದಾಟಿದರೆ ಹಬ್ಬದ ನಾಲ್ಕು ದಿನ ದವಾಖಾನೆಗಳೆಲ್ಲ ಬಂದ್, ಸೋಮವಾರ ಭಾವನ ವಿಮಾನ. ತುರ್ತು ವೈದ್ಯರು ಎಲ್ಲಾದರೂ ಸಿಗಬಹುದಿತ್ತು, ಆದರೆ ಅಲ್ಲಿಯವರೆಗೆ ಇವರನ್ನೂ ಇಕ್ಕಳವನ್ನೂ ಬೇರೆಬೇರೆ ಇಡುವವರು ಯಾರು?

ಇಲ್ಲಿ ಟೆರ್ಮಿನ್, ಅಂದರೆ ಮೊದಲೇ ಗೊತ್ತುಮಾಡಿದ ಸಮಯ ಇಲ್ಲದೆ ಹಲ್ಲಿನ ಡಾಕ್ಟರರು ನೋಡುವುದಿಲ್ಲ. ಹಲ್ಲುನೋವು ಜೋರಾಗಿದ್ದರೆ ಮಾತ್ರ ಆ ದಿನವೇ ಒಳಗೆ ಬಿಡುತ್ತಾರೆ. ಗುರುವಾರ ಬೆಳಿಗ್ಗೆ ಹಲ್ಲಿನ ದವಾಖಾನೆಗೆ ಹೋಗುವಾಗ ಬಸ್ಸಿನಲ್ಲಿ ಭಾವನಿಗೆ ಅದನ್ನೇ ಹೇಳಿದೆ. “ಭಾವ, ಇಲ್ಲಿಯವರಿಗೆ ನೇರ ಮಾತು. ನೋವುಂಟಾ ಕೇಳಿದ್ರೆ ಉಂಟು ಅಂತ ಹೇಳಿ, ಸಾಕು.”

“ಅಷ್ಟು ಗೊತ್ತಾಗುದಿಲ್ವಾ ನಂಗೆ?” ಎಂದರು.

ಕೌಂಟರಿನಲ್ಲಿದ್ದ ಹೆಂಗಸು ಒಳ್ಳೆಯ ಇಂಗ್ಲಿಷಿನಲ್ಲಿಯೇ ಕೇಳಿದಳು, ‘ನಿಮಗೆ ನೋವಿದೆಯೇ?’ ಭಾವ ಕೆನ್ನೆಯ ಮೇಲಿದ್ದ ಕೈಯನ್ನು ಇಳಿಸಿದರು. ಮುಗುಳ್ನಕ್ಕರು. “ಓ, ನಾಟ್ ಟೂ ಬ್ಯಾಡ್, ಥ್ಯಾಂಕ್ ಯೂ” ಎಂದರು.

ಆಕೆಗೆ ಸಂತೋಷವೇ ಆಯಿತು. ಕಂಪ್ಯೂಟರ್ ನೋಡಿ ಜೂನ್ ತಿಂಗಳ ಒಂದು ದಿನ ಬರೆದು ಚೀಟಿ ಕೊಟ್ಟಳು. ಭಾವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತೊಂದರೆ ಕೊಟ್ಟದ್ದಕ್ಕೆ ಸಾರಿ ಕೂಡ ಹೇಳಿ, ಹೊರಟೇ ಬಿಟ್ಟರು! ನಾನು ಓಡಿ ಅಂಗಿಯ ತೋಳು ಹಿಡಿದೆ.

“ಎಂತ ಹೇಳಿದ್ದು ಭಾವ ನೀವು?”

“ಅಡ್ಡಿಲ್ಲ ಅಂತ ಹೇಳಿದೆ.”

“ಅವರು ಕೇಳಿದ್ದು ನೋವುಂಟಾ ಅಂತ!”

“ಹೌದು ಮಾರಾಯ್ತಿ, ಆದ್ರೆ ಗುರ್ತ ಇಲ್ಲದವರ ಹತ್ರ ಹಾಗೆ ಹೇಳ್ಲಿಕ್ಕಾಗ್ತದಾ?”

ಉಡುಪಿಯ ‘ಅಡ್ಡಿಲ್ಲ’ಕ್ಕೆ ಇಪ್ಪತ್ತು ವರ್ಷದ ಇಂಗ್ಲಿಷ್ ಸಂಕೋಚವೂ ಸೇರಿತ್ತು. ಇಷ್ಟು ದಿನ ಇಡೀ ದೇಶವನ್ನು ಬೈದ ಮನುಷ್ಯನಿಗೆ ತನ್ನದೊಂದು ಹಲ್ಲನ್ನು ದೂರಲು ಬಾಯಿ ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅವರನ್ನು ಎಳೆದುಕೊಂಡು ಮತ್ತೆ ಕೌಂಟರಿಗೆ ಹೋಗಿ, ಇವರಿಗೆ ತಡೆಯಲಾರದ ನೋವಿದೆ ಎಂದು ಜರ್ಮನ್ ಭಾಷೆಯಲ್ಲಿ ಹೇಳಿದೆ. ಆಕೆ ನನ್ನನ್ನೇ ಅನುಮಾನದಿಂದ ನೋಡಿದಳು. ‘ರೋಗಿಯೇ ಇಲ್ಲ ಅನ್ನುತ್ತಿದ್ದಾರಲ್ಲ’ ಎಂದು, ನೋವು ಒಂದರಿಂದ ಹತ್ತರೊಳಗೆ ಎಷ್ಟು ಎಂದು ಅವರನ್ನೇ ಕೇಳಿದಳು.

ಭಾವ ಬಹಳ ಯೋಚಿಸಿದರು. “ತ್ರೀ... ಪರ್ಹ್ಯಾಪ್ಸ್ ಫೋರ್?”

“ಇಂಗ್ಲೆಂಡಿನ ಮೂರು ಅಂದರೆ ನಮ್ಮ ಹತ್ತು” ಎಂದೆ ನಾನು. ಆಕೆ ನಗಲಿಲ್ಲ. ಹಿಂದೆ ನಿಂತಿದ್ದವರು ನಿಟ್ಟುಸಿರು ಬಿಡತೊಡಗಿದರು. ನನಗೆ ಬೇರೆ ದಾರಿ ಕಾಣದೆ ಕನ್ನಡದಲ್ಲಿ ಕೂಗಿದೆ, “ಭಾವ, ನಿಮ್ಮ ಹಲ್ಲಿಗೆ ನಿಮ್ಮ ಸರಕಾರ ಎಂತ ಮಾಡಿತು ಅಂತ ಇವರಿಗೆ ಸ್ವಲ್ಪ ಹೇಳಿ!”

ಅಷ್ಟೇ ಸಾಕಾಯಿತು. ಭಾವನ ಕಣ್ಣಿಗೆ ಕಳೆ ಬಂತು. ಸರಕಾರದ ವಿಷಯದಲ್ಲಿ ಅವರಿಗೆ ಎಂಥ ಸಂಕೋಚವೂ ಇಲ್ಲ. ಫೋನಿನಲ್ಲಿ ಸಂಗೀತ ಕೇಳುತ್ತಾ ಕಳೆದ ಬೆಳಿಗ್ಗೆಗಳು, ಮಂತ್ರಿಗಳ ಭರವಸೆಗಳು, ಪಕ್ಕದ ಮನೆಯ ಅಜ್ಜನ ಇಕ್ಕಳ, ಮಲಗಲಾಗದೆ ಕುರ್ಚಿಯಲ್ಲಿ ಕೂತು ತೂಕಡಿಸಿದ್ದು, ಎಲ್ಲವೂ ಒಂದೇ ಉಸಿರಿನಲ್ಲಿ ಬಂತು. “ದಿಸ್ ಈಸ್ ಎ ನ್ಯಾಷನಲ್ ಡಿಸ್‌ಗ್ರೇಸ್!” ಎಂದು ಕೌಂಟರಿನ ಮೇಲೆ ಗುದ್ದಿ ಹಲ್ಲು ಕಚ್ಚಿದರು. ಅದೇ ಹಲ್ಲು!

“ಅಯ್ಯಯ್ಯೋ ಅಮ್ಮಾ!”

ಕಾಯುವ ಕೋಣೆಯಲ್ಲಿ ಪತ್ರಿಕೆಯ ಹಾಳೆ ಮಗುಚುವ ಸದ್ದೂ ನಿಂತಿತು. ಆಕೆ ಎದ್ದು ನಿಂತಳು. “ಆಹ್, ಶ್ಮೆರ್ಟ್ಸ್‌ಪಾಟ್ಸಿಯೆಂಟ್!” ಎಂದಳು. ನೋವಿನ ರೋಗಿ ಎಂದರ್ಥ. ಜೂನ್ ತಿಂಗಳ ಚೀಟಿಯನ್ನು ವಾಪಸು ತೆಗೆದುಕೊಂಡು ತಾನೇ ಒಳಬಾಗಿಲು ತೆರೆದಳು.

ಡಾಕ್ಟರಮ್ಮ ವಯಸ್ಸಾದವರು. ಇಂಜೆಕ್ಷನ್ ಕೊಟ್ಟು ಹಲ್ಲು ಕಿತ್ತರು. ಕೀವು ತುಂಬಿತ್ತಂತೆ, ಇನ್ನೂ ತಡ ಮಾಡಿದ್ದರೆ ಜೀವಕ್ಕೇ ಅಪಾಯವಿತ್ತಂತೆ. ‘ಇಷ್ಟು ದಿನ ಯಾಕೆ ಕಾದಿರಿ?’ ಎಂದು ಗದರಿಸಿಯೇ ಕೇಳಿದರು. ಭಾವ ಅರ್ಧ ಮರಗಟ್ಟಿದ ಬಾಯಿಯಲ್ಲಿ ನನ್ನ ಕಡೆ ತಿರುಗಿ ಹೇಳಿದರು.

“ಫೋನಿನಲ್ಲಿ ಪ್ರತಿ ಸಲ ಕೇಳ್ತಾರೆ, ನಿಮ್ಮದು ತುರ್ತಾ ಅಂತ. ನನಗಿಂತ ಕಷ್ಟದವರು ಲೈನಿನಲ್ಲಿ ಇರ್ತಾರಲ್ಲ ವೀಣಾ. ಆ ಅಜ್ಜನಂಥವರು. ಅವರದ್ದು ಮೊದಲು ಆಗ್ಲಿ ಅಂತ ನಾನು ಅಲ್ಲ ಅಂತಿದ್ದೆ.”

ಅದನ್ನು ಡಾಕ್ಟರಮ್ಮನಿಗೆ ಜರ್ಮನ್ನಿನಲ್ಲಿ ಹೇಳಹೊರಟೆ. ಅರ್ಧದಲ್ಲೇ ನಿಲ್ಲಿಸಿ, ನಾನೇ ಹಿಡಿದೆಳೆದಿದ್ದ ಅವರ ಅಂಗಿಯ ತೋಳನ್ನು ಸರಿಮಾಡಿದೆ. ಮನೆಗೆ ಹೋಗಿ ಇದನ್ನೆಲ್ಲ ಅಭಿನಯಿಸಿ ತೋರಿಸಿ ಸುಧೀರನನ್ನು ನಗಿಸಬೇಕೆಂದು ಅಷ್ಟು ಹೊತ್ತು ಮನಸ್ಸಿನಲ್ಲೇ ತಯಾರಿ ನಡೆಸಿದ್ದವಳು ನಾನು.

ಅಂದು ಸಂಜೆ ಭಾವನ ಬಾಯಲ್ಲಿ ಹತ್ತಿ. ಮನೆಯಲ್ಲಿ ಬ್ರಿಟಿಷ್ ರಾಜಕೀಯವಿಲ್ಲದ ಮೊದಲ ಊಟ. ಅದೇ ಸಂದರ್ಭ ಎಂದು ಸುಧೀರ ಜರ್ಮನಿಯ ಹಳೆಯ ಸೇತುವೆಗಳು ಎಷ್ಟು ಹಾಳಾಗಿವೆ ಎಂದು ಶುರುಮಾಡಿದ. ಭಾವ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದರು: ‘ನಾಳೆ ಉತ್ತರ ಕೊಡ್ತೇನೆ.’

ಅಂದಿನಿಂದ ನಮ್ಮವರು ಯಾರಾದರೂ ಸರಕಾರವನ್ನು ಬೈಯತೊಡಗಿದರೆ ನಾನು ಸುಮ್ಮನೆ ನಗುವುದಿಲ್ಲ, ಕಿವಿಗೊಟ್ಟು ಕೇಳುತ್ತೇನೆ. ಕಳೆದ ತಿಂಗಳು ಅಕ್ಕನಿಗೆ ಫೋನ್ ಮಾಡಿದ್ದೆ. ಎಂದೂ ರಾಜಕೀಯದ ಸುದ್ದಿಗೆ ಹೋಗದ ಅಕ್ಕ ಅಂದು ಅಲ್ಲಿಯ ಆಸ್ಪತ್ರೆಗಳನ್ನು ಒಂದೇ ಸಮನೆ ಬೈದಳು. ಮೊಣಕಾಲಿನ ಆಪರೇಷನ್ನಿಗೆ ಜನ ಎಷ್ಟು ಕಾಯಬೇಕು, ಕೇಳುವವರೇ ಇಲ್ಲ ಎಂದಳು. ನಾನು ಪೂರ್ತಿ ಕೇಳಿಸಿಕೊಂಡೆ. ಆಮೇಲೆ ಮೆಲ್ಲಗೆ ಕೇಳಿದೆ, “ಯಾವ ಕಾಲು ಅಕ್ಕ?”

ಆ ಕಡೆ ಅಕ್ಕ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

“ಎಡದ್ದು” ಎಂದಳು.