ಮಡಿ ಎಂದುಕೊಂಡದ್ದು

ನನ್ನನ್ನು ಜನ ಹೊಗಳುತ್ತಿದ್ದರು. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ರೋಗ ಬಂದವರನ್ನು ಹೊಗಳುವುದು ಅಪರೂಪ. ಗೋವಾದ ಸಾಂಕೋಲೆಯಲ್ಲಿ ನಾವಿದ್ದ ಕಟ್ಟಡದ ಆಸುಪಾಸಿನಲ್ಲಿ ಧಾರವಾಡ, ಬೆಳಗಾವಿ ಕಡೆಯ ಕೆಲವು ಮನೆಗಳಿದ್ದವು. ಗಂಡಸರಿಗೆಲ್ಲ ಕಾರ್ಖಾನೆಗಳ ಆಫೀಸಿನಲ್ಲಿ ನೌಕರಿ. ಅರಿಶಿನ ಕುಂಕುಮಕ್ಕೆಂದು ಸೇರಿದಾಗ ಹೆಂಗಸರು ನನ್ನ ಅಡುಗೆಮನೆಯ ಕಟ್ಟೆ ನೋಡಿ ಮೂಗಿನ ಮೇಲೆ ಬೆರಳಿಡುತ್ತಿದ್ದರು. "ಮೀನಿನ ಊರಿಗೆ ಬಂದೂ ಇಷ್ಟು ಮಡಿ ಇಟ್ಟೀರಲ್ರೀ, ನಮ್ಮ ಕೈಲೆ ಆಗೂದಿಲ್ಲ ನೋಡ್ರಿ" ಎನ್ನುತ್ತಿದ್ದರು. ನಾನು ನಕ್ಕು ಅವರನ್ನು ಬೀಳ್ಕೊಟ್ಟು, ಅವರು ಕೂತ ಚಾಪೆ, ಮುಟ್ಟಿದ ಚಿಲಕ, ದಾಟಿದ ಹೊಸ್ತಿಲು, ಎಲ್ಲವನ್ನೂ ತೊಳೆಯುತ್ತಿದ್ದೆ.

ಮಡಿ ನನಗೆ ಹೊಸದಲ್ಲ. ಧಾರವಾಡದಲ್ಲಿ ನನ್ನ ಅತ್ತೆ ಬೆಳಿಗ್ಗೆ ಸ್ನಾನ ಮಾಡಿ, ಯಾರ ಕೈಗೂ ತಾಗದಂತೆ ಕೋಲಿನಿಂದ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸಿದ ಸೀರೆ ಉಟ್ಟು ಒಲೆಯ ಮುಂದೆ ನಿಂತರೆಂದರೆ, ದೇವರಿಗೆ ನೈವೇದ್ಯ ಆಗುವವರೆಗೆ ಯಾರೂ ಅವರನ್ನು ಮುಟ್ಟುವಂತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಇದು ನನಗೆ ನಗೆಯ ವಿಷಯ. ಗಂಡನಿಗೆ ಗೋವಾದಲ್ಲಿ ಕೆಲಸ ಸಿಕ್ಕಾಗ, ಸದ್ಯ ಪಾರಾದೆ ಎಂದುಕೊಂಡಿದ್ದೆ.

ಮಗಳು ಹುಟ್ಟಿದ ಮೇಲೆ ಇದು ಶುರುವಾಯಿತು. ಬೆಳಿಗ್ಗೆ ಮೀನಿನವನು ಪೋಂ ಪೋಂ ಎಂದು ಹಾರ್ನ್ ಒತ್ತುತ್ತ ಕಟ್ಟಡದ ಕೆಳಗೆ ಬಂದು ನಿಲ್ಲುತ್ತಿದ್ದ. ಎದುರು ಮನೆಯ ಕೊಂಕಣಿ ಬಾಯಿ ಅವನಲ್ಲಿ ಮೀನು ಕೊಂಡು ಮೇಲೆ ಬರುವಾಗ ಒಮ್ಮೆ ನನ್ನ ಮಗಳ ಗಲ್ಲ ಸವರಿದಳು. ಪ್ರೀತಿಯಿಂದಲೇ. ನಾನು ಆ ಗಲ್ಲ ತೊಳೆದೆ. ಆಮೇಲೆ ತೊಳೆದ ನನ್ನ ಕೈ ತೊಳೆದೆ. ಆಮೇಲೆ ನಳ. ಕೆಲವು ತಿಂಗಳಲ್ಲಿ ಸೋಪನ್ನು ತೊಳೆಯಲು ಇನ್ನೊಂದು ಸೋಪು ಇಟ್ಟುಕೊಂಡಿದ್ದೆ. ಬರೆಯುವಾಗ ಈಗ ನಗು ಬರುತ್ತದೆ. ಆಗ ಎದೆ ಹೊಡೆದುಕೊಳ್ಳುತ್ತಿತ್ತು. ಏನೋ ತಾಗಿದೆ, ಅದರಿಂದ ಕೂಸಿಗೆ ಏನೋ ಆಗುತ್ತದೆ, ನನ್ನ ಕೈಯಿಂದಲೇ ಆಗುತ್ತದೆ ಎಂಬ ಹೆದರಿಕೆ. ತೊಳೆದರೆ ಒಂದು ಕ್ಷಣ ಇಳಿಯುತ್ತಿತ್ತು, ಕೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಏರುತ್ತಿತ್ತು.

ಗಂಡ ಜಗಳಗಂಟನಲ್ಲ. ಆಫೀಸಿನಿಂದ ಬಂದವರು ಸೀದಾ ಬಚ್ಚಲಿಗೆ ಹೋಗುತ್ತಿದ್ದರು. ಟ್ಯಾಂಕಿನ ನೀರು ನಮ್ಮಿಂದಲೇ ಖಾಲಿಯಾಗುತ್ತಿದೆ ಎಂದು ಕೆಳಗಿನ ಮನೆಯವರು ಕೂಗಾಡಿದಾಗ ತಾವೇ ಹೋಗಿ ಕೈ ಮುಗಿದು ಬಂದರು. "ಅವ್ವನ ಟ್ರೇನಿಂಗ್ ಚಲೋ ಆಗೇದ" ಎಂದು ನನ್ನನ್ನು ಕಾಡಿಸುತ್ತಿದ್ದರು. ಬೆರಳ ಸಂದಿ ಒಡೆದು ರಕ್ತ ಬಂದಾಗ ಚರ್ಮದ ಡಾಕ್ಟರಿಗೆ ತೋರಿಸಿದರು. ಪಾತ್ರೆ ತೊಳೆಯುವ ಪುಡಿಯಿಂದ ಹೀಗಾಗಿದೆ ಎಂದು ನಾನು ಹೇಳಿದೆ. ಡಾಕ್ಟರು ಕೊಟ್ಟ ಮುಲಾಮು ಅಂಟಂಟಾಗಿದೆ ಎಂದು ಹಚ್ಚಿದ ಕೂಡಲೇ ತೊಳೆದುಬಿಟ್ಟೆ.

ಮಗಳು ಬಾಲವಾಡಿಗೆ ಹೋಗುವಷ್ಟು ದೊಡ್ಡವಳಾದಳು. ಅಷ್ಟು ಹೊತ್ತಿಗೆ ಅವಳನ್ನು ಬೇಕೆನಿಸಿದಾಗ ಎತ್ತಿಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ಅವಳ ಸ್ನಾನವಾಗಿರಬೇಕು, ನನ್ನದಾಗಿರಬೇಕು, ನಡುವೆ ಇಬ್ಬರೂ ಏನನ್ನೂ ಮುಟ್ಟಿರಬಾರದು. ಅಂಥ ಹೊತ್ತು ದಿನದಲ್ಲಿ ಎಷ್ಟು ಸಿಗುತ್ತದೆ? ಯಾರಿಗಾಗಿ ಇಷ್ಟೆಲ್ಲ ತೊಳೆಯುತ್ತಿದ್ದೆನೋ ಅವಳೇ ನನ್ನ ಕೈಗೆ ಸಿಗದೆ ಹೋದಳು.

ಆ ವರ್ಷ ಮಳೆಗಾಲಕ್ಕೆ ಅತ್ತೆ ನಮ್ಮಲ್ಲಿಗೆ ಬಂದರು. ಬಂದ ಹೊಸದರಲ್ಲಿ ಅವರ ಸಂಭ್ರಮ ನೋಡಬೇಕಿತ್ತು. ತಂಗಿಗೆ ಫೋನು ಹಚ್ಚಿ, "ನಮ್ಮ ಸೊಸಿ ನನಗಿಂತ ಒಂದ ಕೈ ಮ್ಯಾಲ ನೋಡು" ಎಂದರು. ನಾನು ಉಬ್ಬಿದೆ. ದಿನ ಕಳೆದಂತೆ ಅವರ ಮಾತು ಕಡಿಮೆಯಾಯಿತು. ನಾನು ಬಚ್ಚಲಿನಿಂದ ಹೊರಬರುವುದನ್ನು ಕಾಯುತ್ತ ಬಾಗಿಲ ಬಳಿಯೇ ಕೂತಿರುತ್ತಿದ್ದರು.

ಒಂದು ಬೆಳಿಗ್ಗೆ ಮಗಳಿಗೆ ಜ್ವರ ಬಂದಿದೆಯೆಂದು ಶಾಲೆಯಿಂದ ಫೋನು ಬಂತು. ಗಂಡ ಹೋಗಿ ಕರೆತಂದರು. ಕಣ್ಣು ಕೆಂಪಾಗಿತ್ತು, ತುಟಿ ಒಣಗಿತ್ತು. ಆದರೂ ಅವಳು ಒಳಗೆ ಬರಲಿಲ್ಲ. ಎಲ್ಲಿಯೂ ತಾಗದಂತೆ ಎರಡೂ ಕೈ ಮೇಲೆತ್ತಿಕೊಂಡು ಹೊಸ್ತಿಲ ಆಚೆ ನಿಂತು, "ಅಮ್ಮಾ, ಮೊದಲ ಯಾವುದು ತೊಳೀಬೇಕು?" ಎಂದು ಕೇಳಿದಳು. ನಾನು ಹೋದದ್ದು ಅವಳ ಹತ್ತಿರ ಅಲ್ಲ, ನಳದ ಹತ್ತಿರ.

ಗಂಡ ಅವಳನ್ನು ಎತ್ತಿಕೊಂಡು ಹೋಗಿ ಮಲಗಿಸಿದರು. ಅತ್ತೆ ಬಚ್ಚಲ ಬಾಗಿಲಲ್ಲಿ ಬಂದು ನಿಂತರು.

"ಇದು ಮಡಿ ಅಲ್ಲವ್ವಾ" ಎಂದರು.

"ಮತ್ತೇನ್ರಿ? ನಿಮ್ಮನ್ನ ನೋಡೇ ಕಲಿತದ್ದು" ಎಂದೆ. ಸಿಟ್ಟಿನಿಂದ ನಳ ಇನ್ನಷ್ಟು ತಿರುಗಿಸಿದೆ.

"ನಾ ಮಡಿ ಉಟ್ಟ ಮ್ಯಾಲ ನಿಶ್ಚಿಂತಿ ಆಗಿ ಒಲಿ ಮುಂದ ನಿಂದರ್ತೀನಿ. ಇಷ್ಟ ವರ್ಷದಾಗ ಒಂದ ದಿನಾನೂ ಅಂಜಿ ಮಡಿ ಮಾಡಿಲ್ಲ. ನೀ ಖರೇ ಹೇಳು, ತೊಳಕೊಂಡ ಮ್ಯಾಲ ನಿನಗ ಎಂದಾದ್ರೂ ನಿಶ್ಚಿಂತಿ ಆಗೇದೇನು?"

ನೀರು ಸುರಿಯುತ್ತಲೇ ಇತ್ತು. "ಇಲ್ರಿ" ಎಂದೆ. ಆ ಒಂದು ಮಾತನ್ನು ಅಷ್ಟು ವರ್ಷ ನಾನು ನನಗೂ ಹೇಳಿಕೊಂಡಿರಲಿಲ್ಲ.

"ಹಂಗಾದ್ರ ಡಾಕ್ಟರಿಗೆ ತೋರಸೂಣು. ಮನಸಿನ ಡಾಕ್ಟರಿಗೆ" ಎಂದರು ಅತ್ತೆ.

ಗಂಡ ಹಿಂದೆಮುಂದೆ ನೋಡಿದರು. ನಾಲ್ಕು ಮಂದಿ ಏನಂದಾರು, ಸ್ವಲ್ಪ ದಿನ ಧಾರವಾಡಕ್ಕೆ ಹೋಗಿ ಬಂದರೆ ಸರಿಹೋಗುತ್ತದೆ ಎಂದರು. ನನಗೂ ಹಾಗೇ ಅನ್ನಿಸಿತ್ತು. ಬೀದಿಯಲ್ಲಿ ಬಟ್ಟೆ ಹರಿದುಕೊಳ್ಳುವವರು ಮಾತ್ರ ಹೋಗುವ ಜಾಗ ಅದು ಎಂದು ತಿಳಿದಿದ್ದೆ. ನಾನು ಹೊತ್ತಿಗೆ ಸರಿಯಾಗಿ ಅಡುಗೆ ಮಾಡುತ್ತಿದ್ದೆ, ಬಂದವರಿಗೆ ಚಹಾ ಕೊಡುತ್ತಿದ್ದೆ, ನಗುತ್ತಿದ್ದೆ. ನನಗೇನಾಗಿದೆ? ಅತ್ತೆ ಮಗನಿಗೆ ಹೆಚ್ಚು ಹೇಳಲಿಲ್ಲ. "ಧಾರವಾಡದಾಗ ನೀರು ಇಲ್ಲೇನು?" ಎಂದು ಕೇಳಿದರು, ಅಷ್ಟೆ.

ಮಡಗಾಂವಿನ ಡಾಕ್ಟರು ಗೋವಾದ ಹೆಣ್ಣುಮಗಳು. ನನ್ನ ಹರಕು ಹಿಂದಿಯಲ್ಲಿ ಮಡಿ ಎಂದರೇನು ಎಂದು ಹೇಳಲು ಪರದಾಡುತ್ತಿದ್ದೆ. "ಸೊವಳೆ" ಎಂದು ಅವರೇ ಕೊಂಕಣಿಯಲ್ಲಿ ಹೆಸರು ಹೇಳಿದರು. ಅವರ ಅಜ್ಜಿಯ ಮನೆಯಲ್ಲೂ ಇತ್ತಂತೆ. ಎಲ್ಲ ಕೇಳಿಸಿಕೊಂಡು, ಇದು ನಿಮ್ಮ ಭಕ್ತಿಯೂ ಅಲ್ಲ, ಹಟವೂ ಅಲ್ಲ, ಗೀಳು ಎಂಬ ಕಾಯಿಲೆ, ಇದಕ್ಕೆ ಔಷಧಿ ಇದೆ ಎಂದರು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಅವಮಾನವಾಯಿತು. ನಾಲ್ಕು ಜನ ಮೆಚ್ಚಿದ ನನ್ನ ಒಂದೇ ಗುಣಕ್ಕೆ ಇವಳು ರೋಗದ ಹೆಸರು ಇಟ್ಟಳಲ್ಲ ಎಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಕುದಿಯುತ್ತ ಬಂದೆ. ಅತ್ತೆ ಪಕ್ಕದಲ್ಲಿ ಕೂತು ನನ್ನ ಗುಳಿಗೆಯ ಚೀಲ ಹಿಡಿದುಕೊಂಡಿದ್ದರು.

ಗುಳಿಗೆ ನುಂಗುವುದು ಸುಲಭ. ಅದರ ಜೊತೆ ಡಾಕ್ಟರು ಕೊಟ್ಟ ಇನ್ನೊಂದು ಕೆಲಸ ಕಷ್ಟದ್ದು. ಹೆದರಿಕೆ ಹುಟ್ಟಿಸುವುದನ್ನು ಮುಟ್ಟಬೇಕು, ತೊಳೆಯಬಾರದು, ಹೆದರಿಕೆ ತಾನಾಗಿ ಇಳಿಯುವವರೆಗೆ ಕೂತಿರಬೇಕು. ಮೊದಲು ಚಿಲಕ, ಆಮೇಲೆ ಚಪ್ಪಲಿ. ಕೆಲವು ವಾರ ಹೋದ ಮೇಲೆ, ಶಾಲೆಯಿಂದ ಬಂದ ಮಗಳನ್ನು ಹಾಗೇ ತೊಡೆಯ ಮೇಲೆ ಕೂರಿಸಿಕೊಳ್ಳಿ ಎಂದರು. ಅತ್ತೆ ಊರಿಗೆ ಹೋಗುವುದನ್ನು ಮುಂದೂಡಿದ್ದರು.

ಅಂದು ಮಗಳು ಬಂದಾಗ ಕಾಲಿನ ತುಂಬ ಕೆಂಪು ರಾಡಿ, ಕೈಯಲ್ಲಿ ಯಾರೋ ಕೊಟ್ಟ ಅರ್ಧ ತಿಂದ ಬಿಸ್ಕೀಟು. ನಾನು ಪಡಸಾಲೆಯಲ್ಲಿ ನೆಲದ ಮೇಲೆ ಕೂತಿದ್ದೆ. ಕೈ ಚಾಚಬೇಕು. ಕೈ ಏಳಲಿಲ್ಲ. ಅವಳು ನನ್ನ ಮುಖ ನೋಡಿ ಅಲ್ಲೇ ನಿಂತಳು.

ಅಡುಗೆಮನೆಯಿಂದ ಅತ್ತೆ ಬಂದರು. ಮಡಿಯಲ್ಲಿದ್ದರು, ನೈವೇದ್ಯ ಇನ್ನೂ ಆಗಿರಲಿಲ್ಲ. ನನ್ನ ಪಕ್ಕ ಕೂತು ಮಗಳನ್ನು ಎಳೆದು ತಮ್ಮ ತೊಡೆಯ ಮೇಲೆ ಕೂರಿಸಿಕೊಂಡರು. ಮಗಳು ಬೆಚ್ಚಿಬಿದ್ದಳು. "ಅಜ್ಜೀ, ನಿಂದು ಮಡಿ!" ಎಂದಳು.

"ಇರಲಿ" ಎಂದು ಅತ್ತೆ ಅವಳ ರಾಡಿಗಾಲುಗಳನ್ನು ನನ್ನ ತೊಡೆಯ ಮೇಲೆ ಚಾಚಿಸಿದರು. "ನಾ ಮತ್ತ ಸ್ನಾನಾ ಮಾಡೂದಿಲ್ಲ. ನೀನೂ ಏಳಬ್ಯಾಡ. ಇಬ್ಬರೂ ಹಿಂಗ ಕೂಡೂಣು."

ಕೂತೆವು. ಮಗಳು ಬಿಸ್ಕೀಟು ಮುಗಿಸಿ ಕೈಯನ್ನು ಅಜ್ಜಿಯ ಸೀರೆಗೆ ಒರೆಸಿದಳು. ನನ್ನ ಮೈ ಬೆವರಿತು, ತಾನಾಗಿ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದ ಹೆದರಿಕೆ ಇಳಿಯಲಿಲ್ಲ. ಎಷ್ಟು ಹೊತ್ತು ತಡೆದೆನೋ ಗೊತ್ತಿಲ್ಲ. ಎದ್ದು ಓಡಿಹೋಗಿ ಬಾಗಿಲು ಹಾಕಿಕೊಂಡು ತೊಳೆದುಕೊಂಡೆ, ಅಳುತ್ತ ತೊಳೆದುಕೊಂಡೆ.

ಹೊರಗೆ ಬಂದಾಗ ಅತ್ತೆ ಸ್ನಾನ ಮಾಡಿರಲಿಲ್ಲ. ರಾಡಿ ಹತ್ತಿದ ಅದೇ ಸೀರೆಯಲ್ಲಿ ದೇವರ ಮುಂದೆ ಕೂತು ನೈವೇದ್ಯ ತೋರಿಸುತ್ತಿದ್ದರು. ನಡುವೆ ಮಂತ್ರ ತಪ್ಪಿತು, ಸೀರೆಯ ರಾಡಿಯನ್ನೊಮ್ಮೆ ನೋಡಿಕೊಂಡು ಮತ್ತೆ ಮೊದಲಿನಿಂದ ಹೇಳತೊಡಗಿದರು.